ಅಧ್ಯಕ್ಷರ ಅಪ್ಪಣೆಯಿಂದ ಬರುವ ಇತರ ವಿಷಯಗಳು

ಮದುವೆಗೆ ಲಗ್ನಪತ್ರಿಕೆ ಹೇಗೋ ಸಭೆಗೆ ಕಾರ್ಯಸೂಚಿಯೂ ಹಾಗೆಯೇ. ವ್ಯತ್ಯಾಸವಿಷ್ಟೇ: ಲಗ್ನಪತ್ರಿಕೆಯನ್ನು ಜನರು ಊಟದ ಹೊತ್ತು ತಿಳಿಯುವುದಕ್ಕಾದರೂ ಓದುತ್ತಾರೆ, ಕಾರ್ಯಸೂಚಿಯ ಮೇಲೆ ಕಣ್ಣು ಬೀಳುವುದು ಅದರ ಮೇಲೆ ಚಹಾದ ಬಟ್ಟಲಿಟ್ಟ ಅನಂತರ.

ಬಬಲೇಶ್ವರದ ಸೀಮೆಯ ಒಂದು ಸಹಕಾರಿ ಸಂಘದಲ್ಲಿ ಕಾರ್ಯದರ್ಶಿಯೊಬ್ಬರಿದ್ದರು. ಹೆಸರು ಬೇಡ, ಅಂಥವರಿಲ್ಲದ ಸಂಘವೇ ಇಲ್ಲ. ಅಕ್ಷರ ಮುತ್ತು, ಲೆಕ್ಕ ಚೊಕ್ಕ. ಆದರೆ ಪ್ರತಿ ತಿಂಗಳೂ ಹಳೆಯ ಕಾರ್ಯಸೂಚಿಯನ್ನೇ ಎದುರಿಗಿಟ್ಟುಕೊಂಡು ತಾರೀಖನ್ನು ಮಾತ್ರ ಬದಲಿಸುವುದು ಅವರ ವಾಡಿಕೆ. ಒಂದನೆಯದು ಹಿಂದಿನ ಸಭೆಯ ನಡಾವಳಿಯನ್ನು ಓದಿ ದೃಢೀಕರಿಸುವುದು, ಎರಡನೆಯದು ಜಮಾಖರ್ಚು, ಮೂರನೆಯದು ಕುರ್ಚಿಗಳ ಖರೀದಿ, ನಾಲ್ಕನೆಯದು ವಾರ್ಷಿಕ ಸಭೆಯ ಫಳಾರ. ಹೀಗೆ ಸಾಗಿ ಒಂಬತ್ತನೆಯದು ಸಾಲದ ಅರ್ಜಿಗಳು. ಹತ್ತನೆಯದು, ಎಲ್ಲರಿಗೂ ಬಾಯಿಪಾಠವಾದ ಆ ಸಾಲು: ‘ಅಧ್ಯಕ್ಷರ ಅಪ್ಪಣೆಯಿಂದ ಬರುವ ಇತರ ವಿಷಯಗಳು.’

ಜುಲೈ ತಿಂಗಳಲ್ಲಿ ವಿಧವೆಯೊಬ್ಬಳ ಅರ್ಜಿ ಬಂದಿತು. ಎರಡು ಎಕರೆ ದ್ರಾಕ್ಷಿ. ಅಕ್ಟೋಬರದ ಚಾಟಣಿಗೆ ಆಳು, ಗೊಬ್ಬರ, ಔಷಧಿಗೆಂದು ಸಾಲ ಬೇಕು. ಆ ಚಾಟಣಿ ಹೊತ್ತಿಗೆ ಸರಿಯಾಗಿ ಆದರೆ ಫೆಬ್ರುವರಿ, ಮಾರ್ಚಿನಲ್ಲಿ ಹಣ್ಣು. ಹಣ್ಣು ಒಣಗಿದರೆ ಮಣೂಕ. ಮಣೂಕ ಮಾರಿದರೆ ಮನೆಯ ವರ್ಷದ ಬದುಕು.

ಸಭೆ ನಾಲ್ಕಕ್ಕೆ. ಕೋರಂ ಆಗುವಾಗ ಐದು. ಕುರ್ಚಿ ಕೆಂಪಿರಬೇಕೋ ನೀಲಿಯಿರಬೇಕೋ ಎಂಬುದಕ್ಕೆ ಅರ್ಧ ಗಂಟೆ. ಫಳಾರಕ್ಕೆ ಶಿರಾ ಉಪ್ಪಿಟ್ಟೋ, ಚುರುಮುರಿ ಮಿರ್ಚಿಯೋ ಎಂಬುದಕ್ಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ವಿಜಯಪುರದ ಬಸ್ಸಿನ ಹೊತ್ತು. ಒಂಬತ್ತನೆಯ ವಿಷಯ ಮುಂದಿನ ಸಭೆಗೆ. ಆಗಸ್ಟಿನಲ್ಲಿಯೂ ಇದೇ ಕಥೆ; ಸೆಪ್ಟೆಂಬರಿನಲ್ಲಿ ಕೋರಂ ಕೂಡ ಆಗಲಿಲ್ಲ.

ಇದು ಬಬಲೇಶ್ವರದ ದೋಷವೆಂದು ತಿಳಿಯಬಾರದು. 1957ರಲ್ಲಿ ಪಾರ್ಕಿನ್‌ಸನ್ ಎಂಬ ಇಂಗ್ಲಿಷ್ ಪಂಡಿತ ತನ್ನ ವಿನೋದದ ಪುಸ್ತಕದಲ್ಲಿ ಒಂದು ಸಮಿತಿಯನ್ನು ಕೂರಿಸಿದ್ದಾನೆ. ಅಣುಸ್ಥಾವರಕ್ಕೆ ಅದು ಎರಡೂವರೆ ನಿಮಿಷದಲ್ಲಿ ಒಪ್ಪಿಗೆ ಕೊಡುತ್ತದೆ. ಸೈಕಲ್ ನಿಲ್ಲಿಸುವ ಚಪ್ಪರಕ್ಕೆ ಮುಕ್ಕಾಲು ಗಂಟೆ, ಕಾಫಿಯ ಖರ್ಚಿಗೆ ಒಂದೂಕಾಲು ಗಂಟೆ. ಅಣುಸ್ಥಾವರ ಯಾರಿಗೂ ತಿಳಿಯದು. ಕಾಫಿ ಎಲ್ಲರಿಗೂ ತಿಳಿಯುತ್ತದೆ. ತಿಳಿದದ್ದರ ಮೇಲೆ ಮಾತಾಡುವುದು ಮನುಷ್ಯಸ್ವಭಾವ. ಆ ಸ್ವಭಾವಕ್ಕೆ ಮೂಗುದಾರ ಹಾಕಬೇಕಾದದ್ದು ಕಾರ್ಯಸೂಚಿ.

ಅಕ್ಟೋಬರದಲ್ಲಿ ಆ ಹೆಣ್ಣುಮಗಳು ಬಂದಳು. ಬೈಯಲಿಲ್ಲ.

“ರೊಕ್ಕ ಬ್ಯಾಡ್ರಿ ಸಾಹೇಬ್ರ, ಅರ್ಜಿ ತಿರುಗಿ ಕೊಡ್ರಿ. ಸಾವಕಾರನ ಕಡೆ ತಗೊಂಡೀನ್ರಿ. ಚಾಟಣಿ ಮೀಟಿಂಗಿಗೆ ಕಾಯೂದಿಲ್ರಿ.”

ಕಾರ್ಯದರ್ಶಿಗಳಿಗೆ ಅಂದು ಊಟ ಸೇರಲಿಲ್ಲ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದುದು ರೈತನು ಸಾವಕಾರನ ಬಾಗಿಲು ತಟ್ಟಬಾರದೆಂದು. ತಮ್ಮ ಸಂಘವೋ ಆಕೆಯನ್ನು ಕೈಹಿಡಿದು ಆ ಬಾಗಿಲಿಗೇ ಮುಟ್ಟಿಸಿತ್ತು! ಯಾರೂ ಲಂಚ ತಿಂದಿರಲಿಲ್ಲ, ಯಾರೂ ಬೇಡವೆಂದಿರಲಿಲ್ಲ. ಕೆಟ್ಟದ್ದು ಮಾಡಿದುದು ಒಂಬತ್ತೆಂಬ ಅಂಕಿ.

ಅಂದು ರಾತ್ರಿ ಅವರು ಹಳೆಯ ಪ್ರತಿಯನ್ನು ಬದಿಗಿರಿಸಿ ಹೊಸ ಹಾಳೆ ತೆಗೆದರು. ‘ಅಜೆಂಡಾ’ ಎಂಬ ಲ್ಯಾಟಿನ್ ಮಾತಿಗೆ ಮಾಡತಕ್ಕ ಕೆಲಸಗಳೆಂದು ಅರ್ಥ; ಆಡತಕ್ಕ ಮಾತುಗಳೆಂದಲ್ಲ. ಕಾಯಲಾರದ ವಿಷಯ ಮೊದಲು, ಕಾಯಬಲ್ಲದ್ದು ಕೊನೆಗೆ. ‘ಸಾಲದ ಅರ್ಜಿಗಳು’ ಎಂದು ಬರೆದರೆ ಹರಟೆ ಹುಟ್ಟುತ್ತದೆ. ‘ಈ ಅರ್ಜಿದಾರರಿಗೆ ಚಾಟಣಿಗೆ ಮುಂಚೆ ಸಾಲ ಕೊಡಬೇಕೇ? ಎಷ್ಟು?’ ಎಂದು ಕೇಳಿದರೆ ಉತ್ತರ ಹುಟ್ಟುತ್ತದೆ. ಪ್ರತಿ ವಿಷಯದ ಎದುರಿಗೆ ಮಂಡಿಸುವವರ ಹೆಸರು, ಇಷ್ಟು ನಿಮಿಷವೆಂಬ ಲೆಕ್ಕ. ಬರಿದೇ ತಿಳಿಸಬೇಕಾದದ್ದು ಸೂಚನಾಫಲಕಕ್ಕೆ. ಕಾಗದಪತ್ರಗಳು ಮುಂಗಡವಾಗಿ ಸದಸ್ಯರ ಮನೆಗೆ. ಠರಾವಿನ ಕೆಳಗೆ, ಯಾರು ಎಂದಿಗೆ ಮಾಡಿ ಮುಗಿಸಬೇಕೆಂಬ ಒಂದು ಸಾಲು. ಹತ್ತು ವಿಷಯಗಳು ನಾಲ್ಕಾದವು.

ಮೊದಲ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಹಾಳೆಯನ್ನು ತಿರುವಿ ತಿರುವಿ ನೋಡಿ, “ಕುರ್ಚಿ ಎಲ್ಲಿ ಹೋದುವ್ರಿ?” ಎಂದು ಕೇಳಿದರು. “ಕಡೀಕ ಅದಾವ್ರಿ, ಐದು ನಿಮಿಷ” ಎಂದರು ಕಾರ್ಯದರ್ಶಿಗಳು. ಸದಸ್ಯರಿಗೆ ಅಸಮಾಧಾನವಾದುದೇನೋ ನಿಜ. ಆದರೆ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷ ಉಳಿದಿತ್ತು. ಮಿರ್ಚಿಯ ಮೇಲಿನ ಚರ್ಚೆಯನ್ನು ಮಿರ್ಚಿ ತಿನ್ನುತ್ತಲೇ ಮಾಡಬಹುದೆಂದು ಅವರಿಗೂ ಮನವರಿಕೆಯಾಯಿತು.

ಮರುವರ್ಷ ಆ ಹೆಣ್ಣುಮಗಳು ಅಂಜುತ್ತಲೇ ಮತ್ತೆ ಅರ್ಜಿ ಕೊಟ್ಟಳು. ಅದು ಒಂದನೆಯ ವಿಷಯವಾಗಿತ್ತು. ಕಾರ್ಯದರ್ಶಿಗಳು ಗಡಿಯಾರ ನೋಡಿಕೊಂಡರು. ಮಂಜೂರಾಗಲು ಹಿಡಿದದ್ದು ಏಳು ನಿಮಿಷ. ಹಿಂದಿನ ವರ್ಷ ಮೂರು ತಿಂಗಳು ಹುಡುಕಿದರೂ ಸಂಘಕ್ಕೆ ಸಿಗದೆ ಹೋದ ಏಳು ನಿಮಿಷ.