ಗ್ರಿಲ್ಲಿನೊಳಗಿನ ಬಸಳೆ

ಊರಿನಲ್ಲಿ ಅಂಗಳ ಇರುವವರಿಗೆ ಮುಂಬಯಿಯ 'ಗ್ರಿಲ್' ಅಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಕಿಟಕಿಯಿಂದ ಒಂದೂವರೆ ಅಡಿ ಹೊರಗೆ ಚಾಚಿಕೊಂಡ ಕಬ್ಬಿಣದ ಪಂಜರ ಅದು. ಕಳ್ಳರು ಬಾರದಿರಲಿ ಎಂದು ಹಾಕಿಸುವುದು. ಆಮೇಲೆ ಕಳ್ಳನಿಗೆ ಕಾಲಿಡಲೂ ಜಾಗವಿಲ್ಲದಂತೆ ಅದರಲ್ಲಿ ಎಲ್ಲವೂ ಬಂದು ಸೇರುತ್ತದೆ. ಒಡೆದ ಬಕೆಟ್ಟು, ಹಿಡಿ ಹೋದ ಕುಕ್ಕರು, ವರ್ಷಕ್ಕೊಮ್ಮೆ ಹಬ್ಬಕ್ಕೆ ಹೊರಬರುವ ದೊಡ್ಡ ಪಾತ್ರೆ, ಮೇಲೆ ಒಣಹಾಕಿದ ಬಟ್ಟೆ. ಇಷ್ಟರ ನಡುವೆ ಜಾಗ ಉಳಿದರೆ ಒಂದು ತುಳಸಿ.

ಮುಲುಂಡಿನಲ್ಲಿ ನಮ್ಮದು ಮೂರನೆಯ ಮಾಳಿಗೆ. ಹಾಲ್‌ನ ಕಿಟಕಿ ಪಶ್ಚಿಮಕ್ಕೆ. ಅದರ ಗ್ರಿಲ್ಲಿನಲ್ಲಿ ಮೂರಡಿ ಉದ್ದದ, ಒಂದಡಿಗೂ ಕಡಿಮೆ ಅಗಲದ ಒಂದು ತೊಟ್ಟಿ ಇದೆ. "ನಮ್ಮ ಜಮೀನು ಇಷ್ಟೇ. ತೀರ್ವೆ ಕಟ್ಟಲಿಕ್ಕಿಲ್ಲ, ದಾಯಾದಿಗಳ ತಕರಾರೂ ಇಲ್ಲ" ಎಂದು ಇವರು ಬಂದವರೆದುರು ತಮಾಷೆ ಮಾಡುತ್ತಾರೆ. ತಕರಾರು ಇತ್ತು. ಅದನ್ನೇ ಹೇಳಲು ಹೊರಟಿದ್ದೇನೆ.

ನಾನು ಕುಂದಾಪುರದ ಕಡೆಯವಳು. 1994ರಲ್ಲಿ ಮದುವೆಯಾಗಿ ಈ ಮನೆಗೆ ಬಂದೆ. ಆಗಿನಿಂದ ತೊಟ್ಟಿ ನನ್ನದು. ಇಲ್ಲಿಯ ನರ್ಸರಿಗಳಿಗೆ ನವೆಂಬರಿನಲ್ಲಿ ಪೆಟೂನಿಯಾ, ಸೇವಂತಿಗೆ, ಚೆಂಡುಹೂವಿನ ಸಸಿಗಳು ಬರುತ್ತವೆ. ನಾನು ಪೆಟೂನಿಯಾ ನೆಡುತ್ತಿದ್ದೆ. ಸಂಜೆ ರೈಲಿನಲ್ಲಿ ಜಜ್ಜಿಸಿಕೊಂಡು ಮನೆಗೆ ಬಂದವಳು ಕೆಳಗಿನಿಂದಲೇ ತಲೆಯೆತ್ತಿ ಆ ನೇರಳೆ ಹೂವುಗಳನ್ನು ನೋಡಿ ಮೆಟ್ಟಿಲು ಹತ್ತುತ್ತಿದ್ದೆ. ಮಾರ್ಚಿನಲ್ಲಿ ಹೋಳಿ ಮುಗಿಯುತ್ತಿದ್ದಂತೆ ಅವು ಸೊರಗುತ್ತವೆ. ಕಾಂಡ ಉದ್ದವಾಗಿ, ಎಲೆ ಅಂಟಂಟಾಗಿ, ತುದಿಯಲ್ಲಿ ಮಾತ್ರ ಒಂದೆರಡು ಹೂವು. ಆಗ ಅವುಗಳನ್ನು ಕಿತ್ತು ಬೇಸಿಗೆಗೆ ಟೇಬಲ್ ರೋಸ್ ಹಾಕುವುದು. ದಪ್ಪ ಎಲೆಯ ಈ ಗಿಡಕ್ಕೆ ಬಿಸಿಲೆಂದರೆ ಹಬ್ಬ. ಬಿಸಿಲಿಗೆ ಅರಳಿ ಬಿಸಿಲು ಹೋದಾಗ ಮುಚ್ಚುವುದರಿಂದ ನಮ್ಮ ಬಿಲ್ಡಿಂಗಿನವರು ಅದನ್ನು 'ಆಫೀಸ್ ಟೈಮ್' ಎನ್ನುತ್ತಾರೆ. ನಮ್ಮದು ಪಶ್ಚಿಮದ ಕಿಟಕಿಯಾದ್ದರಿಂದ ಅದು ಮಧ್ಯಾಹ್ನದ ಮೇಲೆಯೇ ಕಣ್ಣು ಬಿಡುತ್ತಿತ್ತು. ಸೆಕೆಂಡ್ ಶಿಫ್ಟಿನ ಹೂವು!

ಹೀಗೆ ವರ್ಷಕ್ಕೆರಡು ಸಲ ತೊಟ್ಟಿ ಬದಲಾಗುತ್ತ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆಯಿತು. ಮುಲ್ಕಿಯಲ್ಲಿ ಮಾವ ತೀರಿಕೊಂಡರು. ವರ್ಷಾಂತಿಕ ಮುಗಿದ ಮೇಲೆ ಅತ್ತೆಯೊಬ್ಬರೇ ಅಷ್ಟು ದೊಡ್ಡ ಮನೆಯಲ್ಲಿ ಹೇಗಿರುವುದು ಎಂದು ಮಕ್ಕಳೆಲ್ಲ ಕೂತು ಮಾತಾಡಿ, 2018ರ ಮಾರ್ಚ್ ಮೊದಲ ವಾರ ಮತ್ಸ್ಯಗಂಧ ರೈಲಿನಲ್ಲಿ ಅವರನ್ನು ಕರಕೊಂಡು ಬಂದೆವು. ಜೊತೆಗೆ ಒಂದು ಮೂಟೆ ಕುಚ್ಚಲಕ್ಕಿ, ಸುಲಿದ ತೆಂಗಿನಕಾಯಿ, ಹಪ್ಪಳದ ಡಬ್ಬಿ, ಮತ್ತೆ ಒದ್ದೆ ಗೋಣಿಯಲ್ಲಿ ಸುತ್ತಿದ ಏನೋ ಒಂದು ಕಟ್ಟು. ಅದನ್ನು ಅವರು ರೈಲಿನಲ್ಲಿ ಬರ್ತಿನ ಕೆಳಗೆ ಇಡಲು ಬಿಡಲಿಲ್ಲ. ತಲೆದಿಂಬಿನ ಪಕ್ಕವೇ ಇಟ್ಟುಕೊಂಡು ದಾರಿಯುದ್ದಕ್ಕೂ ನೀರು ಚಿಮುಕಿಸುತ್ತಿದ್ದರು.

ಬಂದ ಮೂರನೆಯ ದಿನ ನಾನು ಆಫೀಸಿನಿಂದ ಬರುವಾಗ ತಲೆಯೆತ್ತಿ ನೋಡಿದರೆ ನೇರಳೆ ಬಣ್ಣವೇ ಇಲ್ಲ. ಮೇಲೆ ಬಂದರೆ ಪೆಟೂನಿಯಾಗಳೆಲ್ಲ ಬೇರು ಸಮೇತ ಪೇಪರಿನ ಮೇಲೆ ಮಲಗಿವೆ. ತೊಟ್ಟಿಯಲ್ಲಿ ಗೇಣುದ್ದದ ಎಂಟು ಬಸಳೆ ದಂಟುಗಳು ಓರೆಯಾಗಿ ಊರಿ ನಿಂತಿವೆ.

"ಇದೆಂತ ಹೂವು ಮಾರಾಯ್ತಿ? ದೇವರಿಗೆ ಇಡ್ಲಿಕ್ಕೆ ಆಗುದಿಲ್ಲ, ಮುಡಿಲಿಕ್ಕೂ ಆಗುದಿಲ್ಲ. ಬಿಸಿಲು ಜೋರಾದ್ರೆ ಹೇಗೂ ಸಾಯ್ತದೆ" ಎಂದರು ಅತ್ತೆ. ನನ್ನ ಜೊತೆ ಅವರದು ಮಂಗಳೂರು ಕನ್ನಡ, ಮಗನ ಜೊತೆ ತುಳು.

ಅವರು ಹೇಳಿದ್ದು ಸುಳ್ಳಲ್ಲ. ಇನ್ನೊಂದು ವಾರ ಬಿಟ್ಟಿದ್ದರೆ ನಾನೇ ಕೀಳುತ್ತಿದ್ದೆ. ಆದರೂ ತಡೆಯಲಾಗಲಿಲ್ಲ. "ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಅತ್ತೆ" ಅಂದೆ.

ಅವರು ಕೈಗೆ ಅಂಟಿದ ಮಣ್ಣನ್ನು ಸೆರಗಿಗೆ ಒರೆಸಿಕೊಂಡರು. "ನನ್ನನ್ನು ಯಾರು ಕೇಳಿದ್ದು?" ಎಂದು ಒಳಗೆ ಹೋದರು.

ಆ ರಾತ್ರಿ ಊಟ ಮೂವರಿಗೂ ಸೇರಲಿಲ್ಲ. ನಾವೆಲ್ಲ ಕೂತು ಮಾತಾಡಿದ್ದೆವಲ್ಲ, ಆಗ ಅತ್ತೆ ಒಳಗೆ ಚಾ ಮಾಡುತ್ತಿದ್ದರು ಎಂಬುದು ನನಗೆ ಆಗ ನೆನಪಾಯಿತು.

ಕೊನೆಗೆ ತೊಟ್ಟಿಯನ್ನು ಪಾಲು ಮಾಡಿಕೊಂಡೆವು. ಎಡಗಡೆ ಅವರ ಬಸಳೆ, ಬಲಗಡೆ ನನ್ನ ಟೇಬಲ್ ರೋಸ್. ಬಸಳೆ ಹತ್ತು ಹದಿನೈದು ದಿನದಲ್ಲಿ ಬೇರು ಹಿಡಿದು ಚಿಗುರಿತು. ಚಪ್ಪರ ಹಾಕುವ ಕೆಲಸವೇ ಇಲ್ಲ. ಗ್ರಿಲ್ಲಿನ ಸರಳುಗಳನ್ನೇ ಸುತ್ತಿಕೊಂಡು ಮೇಲೇರಿತು. ಏಪ್ರಿಲ್ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಕಾದ ಹೆಂಚಿನಂತಾಗುತ್ತಿದ್ದ ಹಾಲ್‌ಗೆ ಅದರ ಎಲೆಗಳಿಂದ ಒಂದಷ್ಟು ನೆರಳೂ ಬಂತು.

ಮಣ್ಣಿನ ವಿಷಯದಲ್ಲಿ ಮಾತ್ರ ಅತ್ತೆಗೆ ಸಮಾಧಾನವಿರಲಿಲ್ಲ. ನಮ್ಮ ಕಡೆ ಬಸಳೆಗೆ, ಮಲ್ಲಿಗೆಗೆ ಸುಡುಮಣ್ಣು ಹಾಕುತ್ತಾರಲ್ಲ, ಅದು ಬೇಕೇ ಬೇಕು. ಮರುವರ್ಷದ ಬೇಸಿಗೆಗೆ ಮಣ್ಣು ಬದಲಿಸುವಾಗ ಒಂದು ಭಾನುವಾರ ಹಳೆಯ ಕಬ್ಬಿಣದ ಬಾಣಲೆ, ಒಣಗಿದ ಎಲೆ, ತೆಂಗಿನ ಸಿಪ್ಪೆ ಎಲ್ಲ ಹಿಡಕೊಂಡು ಟೆರೇಸಿಗೆ ಹೋದರು. ಹೊಗೆ ಎದ್ದದ್ದು ನೋಡಿ ಸೊಸೈಟಿಯ ಸೆಕ್ರೆಟರಿ ಏದುಸಿರು ಬಿಡುತ್ತ ಹತ್ತಿ ಬಂದರು. ಏನು ಸುಡುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರಂತೆ. ಅತ್ತೆ ತನಗೆ ಗೊತ್ತಿದ್ದ ಹಿಂದಿಯಲ್ಲಿ "ಮಿಟ್ಟಿ" ಎಂದರಂತೆ. ಮಣ್ಣು ಸುಡುವ ಮುದುಕಿಯ ಬಳಿ ವಾದಿಸುವುದು ಹೇಗೆಂದು ತಿಳಿಯದೆ ಅವರು ನೇರ ನಮ್ಮ ಮನೆಗೆ ಬಂದರು. ಮರುದಿನ ಬೋರ್ಡಿನಲ್ಲಿ ನೋಟಿಸು: ಟೆರೇಸಿನಲ್ಲಿ ಬೆಂಕಿ ಹಾಕಬಾರದು. ಬಾಣಲೆಯಲ್ಲಿ ತಯಾರಾಗಿದ್ದ ನಾಲ್ಕು ಬೊಗಸೆ ಸುಡುಮಣ್ಣನ್ನು ಅತ್ತೆ ಬಂಗಾರದ ಹಾಗೆ ತಂದು ತೊಟ್ಟಿಗೆ ಬೆರೆಸಿದರು.

ಆಮೇಲೆ ಇಬ್ಬರೂ ಸೇರಿ ಒಂದು ಕ್ರಮ ಮಾಡಿಕೊಂಡೆವು. ಮಾರ್ಚಿನಲ್ಲಿ ಎರಡು ದಿನ ನೀರು ಹಾಕದೆ ಬಿಡುವುದು. ಬಸಳೆಯ ಒಳ್ಳೆಯ ದಂಟುಗಳನ್ನು ನಾಲ್ಕೈದು ಗಿಣ್ಣು ಬರುವಂತೆ ಕತ್ತರಿಸಿ ನೆರಳಲ್ಲಿಡುವುದು. ತೊಟ್ಟಿಯನ್ನು ಪೇಪರಿನ ಮೇಲೆ ಬೋರಲು ಹಾಕಿ, ಹಳೆ ಬೇರನ್ನೆಲ್ಲ ಬಿಡಿಸಿ, ಮಣ್ಣನ್ನು ಪುಡಿ ಮಾಡಿ ಬಿಸಿಲಿಗೆ ಹರಡುವುದು. ಎರಡು ಪಾಲು ಹಳೆ ಮಣ್ಣಿಗೆ ಒಂದು ಪಾಲು ಒಣ ಸೆಗಣಿ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಒಂದು ಹಿಡಿ ಬೇವಿನ ಹಿಂಡಿ. ತಳದ ತೂತುಗಳ ಮೇಲೆ ಹೆಂಚಿನ ಚೂರು, ನೀರು ಇಳಿಯಬೇಕು, ಮಣ್ಣು ಇಳಿಯಬಾರದು. ಕೆಳಗೊಂದು ತಟ್ಟೆ, ಇಲ್ಲವಾದರೆ ಎರಡನೆಯ ಮಾಳಿಗೆಯವರ ಬಿಳಿ ಅಂಗಿಗಳ ಮೇಲೆ ನಮ್ಮ ಕೆಂಪು ನೀರು. ಎರಡು ಗಿಣ್ಣು ಮಣ್ಣೊಳಗೆ, ಉಳಿದದ್ದು ಹೊರಗೆ. ಮೇಲೆ ತೆಂಗಿನ ಸಿಪ್ಪೆಯ ಹೊದಿಕೆ. ನೀರು ಬೆಳಿಗ್ಗೆಯೇ. ಮಧ್ಯಾಹ್ನದ ಕಾದ ಮಣ್ಣಿಗೆ ನೀರು ಹೊಯ್ಯಲು ಅತ್ತೆ ಬಿಡುತ್ತಿರಲಿಲ್ಲ.

"ವರ್ಷವರ್ಷ ಯಾಕೆ ಇಷ್ಟು ಕಷ್ಟ, ಚೆನ್ನಾಗಿಯೇ ಇದೆಯಲ್ಲ" ಎಂದು ಒಮ್ಮೆ ಕೇಳಿದ್ದೆ. "ಊರಲ್ಲಾದ್ರೆ ಬೇರು ತನಗೆ ಬೇಕಾದಲ್ಲಿಗೆ ಹೋಗ್ತದೆ. ಇಲ್ಲಿ ಪಾಪ ಎಲ್ಲಿಗೆ ಹೋಗುದು? ನಾವೇ ಬಿಡಿಸಿ ಕೊಡ್ಬೇಕು" ಎಂದಿದ್ದರು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಅಂಗಡಿಯೆದುರು ಮೈಲುದ್ದದ ಸಾಲು, ತರಕಾರಿಯವನ ಗಾಡಿ ಗೇಟಿನೊಳಗೆ ಬರುವ ಹಾಗಿಲ್ಲ. ನಮ್ಮ ಮನೆಯಲ್ಲಿ ಮಾತ್ರ ವಾರಕ್ಕೆರಡು ಸಲ ಬಸಳೆ. ಒಮ್ಮೆ ಹಲಸಿನ ಬೀಜ ಹಾಕಿ, ಒಮ್ಮೆ ಹುರುಳಿ ಹಾಕಿ. ಮೇಲಿನ ಮನೆಯ ಕಾಕು ನಮ್ಮ ಬಳ್ಳಿಯ ತುದಿ ತಮ್ಮ ಗ್ರಿಲ್ಲಿಗೆ ಬಂದದ್ದನ್ನು ಹಿಡಿದು, "ಅರೆ, ಇದು ಮಾಯಾಳು ಅಲ್ಲವೇ!" ಎಂದು ಕೂಗಿದರು. ಮರಾಠಿಯಲ್ಲಿ ಬಸಳೆಗೆ ಹಾಗೆನ್ನುತ್ತಾರೆ. ಮಾಯೆ, ಮಮತೆ ತುಂಬಿದವರಿಗೂ ಅದೇ ಶಬ್ದ. ಅತ್ತೆಗೆ ಅದು ಬಹಳ ಹಿಡಿಸಿತು. ನಾಲ್ಕು ದಂಟು ಕತ್ತರಿಸಿ ಚೀಲಕ್ಕೆ ಹಾಕಿ ಹಗ್ಗ ಕಟ್ಟಿಸಿ ಮೇಲಕ್ಕೆ ಎಳೆಸಿಕೊಳ್ಳಲು ಹೇಳಿದರು. ಮರುವರ್ಷ ಕಾಕು ಮಗನ ಮನೆಗೆಂದು ಡೊಂಬಿವಿಲಿಗೆ ಹೋದರು.

2022ರಲ್ಲಿ ಮುಲ್ಕಿಯ ಮನೆ ಮಾರಾಟವಾಯಿತು. ಸಹಿ ಹಾಕುವ ಮೊದಲು ಈ ಬಾರಿ ಅತ್ತೆಯನ್ನು ಕೇಳಿದೆವು. "ಬಾಗಿಲು ಹಾಕಿದ ಮನೆಗೆ ಗೆದ್ದಲು ಹಿಡಿಯುದೇ ಅಲ್ವಾ, ಕೊಡಿ" ಎಂದರು. ಕೊಂಡವರು ಹಳೆ ಮನೆ ಕೆಡವಿ ಬಾವಿಕಟ್ಟೆಯವರೆಗೆ ಮಟ್ಟಸ ಮಾಡಿದ ಫೋಟೋವನ್ನು ಮೈದುನ ಫೋನಿಗೆ ಕಳಿಸಿದ. ಬಾವಿಯ ಪಕ್ಕದ ಬಸಳೆ ಚಪ್ಪರ ಇದ್ದಲ್ಲಿ ಜಲ್ಲಿಯ ರಾಶಿ. ಅತ್ತೆ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಫೋನು ಹಿಂದೆ ಕೊಡುತ್ತ, "ಇವತ್ತು ಬಸಳೆಗೆ ನೀರು ಹಾಕಿದ್ದೀಯಾ?" ಎಂದು ಕೇಳಿದರು.

2024ರ ಜೂನ್ 5ರಿಂದ ಮುಂಬಯಿಯಲ್ಲಿ ಶೇಕಡಾ 10 ನೀರಿನ ಕಡಿತ. ಕೆರೆಗಳು ತಳ ಕಂಡಿದ್ದವು. ಟೇಬಲ್ ರೋಸ್ ಹೇಗೋ ಜೀವ ಹಿಡಿಯುತ್ತದೆ, ಬಸಳೆಗೆ ನೀರಿಲ್ಲದೆ ಆಗುವುದಿಲ್ಲ. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಎಲ್ಲ ಒಂದು ಬಕೆಟ್ಟಿಗೆ ಹೋಗುತ್ತಿತ್ತು. ಅದೂ ದಾಟಿತು.

ದಾಟದೇ ಹೋದದ್ದು ಮರುವರ್ಷ. 2025ರ ಜನವರಿಯಲ್ಲಿ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಪರೇಷನ್ನು, ಆಸ್ಪತ್ರೆ, ವಾಕರು. ಮಾರ್ಚಿನಲ್ಲಿ ತೊಟ್ಟಿಯ ನೆನಪೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಒಂದು ವರ್ಷ ಬಿಟ್ಟರೆ ಏನಾಗುತ್ತದೆ ಎಂದುಕೊಂಡೆ. ಬಳ್ಳಿ ಹಸಿರಾಗಿಯೇ ಇತ್ತು. ಆ ವರ್ಷ ಮಳೆಗಾಲ ಮೇ 26ಕ್ಕೇ ಮುಂಬಯಿಗೆ ಬಂತು. ವಾಡಿಕೆಗಿಂತ ಎರಡು ವಾರ ಮೊದಲು, ದಾಖಲೆಯಲ್ಲೇ ಅಷ್ಟು ಬೇಗ ಬಂದದ್ದಿಲ್ಲವಂತೆ. ತೊಟ್ಟಿಯ ತಳದಲ್ಲಿ ಬೇರುಗಳು ಚಾಪೆಯಂತೆ ಹೆಣೆದು ತೂತು ಮುಚ್ಚಿದ್ದವು. ನೀರು ಇಳಿಯದೆ ನಿಂತಿತು. ಒಂದು ವಾರದಲ್ಲಿ ಬುಡ ಕಪ್ಪಾಗಿ ಕೊಳೆಯಿತು. ಎಳೆದರೆ ಇಡೀ ಬಳ್ಳಿ ಕೈಗೆ ಬಂತು. ನೆಡಲಿಕ್ಕೆ ಒಂದು ಗಟ್ಟಿ ಗಿಣ್ಣೂ ಉಳಿದಿರಲಿಲ್ಲ.

ಅತ್ತೆ ಒಳಗೆ ಮಂಚದಲ್ಲಿದ್ದರು. ನಾನು ಹೇಳಲಿಲ್ಲ. ಮಾಟುಂಗಾದಲ್ಲಿ ನಮ್ಮ ಊರಿನ ತರಕಾರಿ ಮಾರುವ ಅಂಗಡಿಯಿಂದ ಒಂದು ಕಟ್ಟು ಬಸಳೆ ತಂದು, ಎಲೆ ಪದಾರ್ಥಕ್ಕೂ ದಂಟು ತೊಟ್ಟಿಗೂ ಮಾಡಿದೆ. ಅದೂ ಚಿಗುರಿತು. ನನ್ನ ಮೋಸ ದಕ್ಕಿತು ಅಂದುಕೊಂಡೆ.

ಆಗಸ್ಟಿನಲ್ಲಿ ಅತ್ತೆ ವಾಕರ್ ಹಿಡಿದು ಮೊದಲ ಸಲ ಹಾಲ್‌ಗೆ ಬಂದರು. ಕಿಟಕಿಯ ಪಕ್ಕ ಕೂತರು. ಬಳ್ಳಿಯನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡಿ, "ದಂಟು ಕೆಂಪುಂಟು. ಇದು ನಮ್ಮದಲ್ಲ" ಎಂದರು. ನಾನು ಎಲ್ಲ ಹೇಳಿದೆ. ಬೈಯುತ್ತಾರೆಂದು ಕಾದೆ. "ಪಾಪ, ನೀನು ನನ್ನನ್ನು ನೋಡ್ಬೇಕಾ, ಬಸಳೆ ನೋಡ್ಬೇಕಾ" ಎಂದಷ್ಟೇ ಅಂದರು. ಬೈದಿದ್ದರೆ ಒಳ್ಳೆಯದಿತ್ತು.

ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಹಗ್ಗ ಕಟ್ಟಿದ ಚೀಲ ನೆನಪಾಯಿತು. ಬೆಳಿಗ್ಗೆ ಡೊಂಬಿವಿಲಿಗೆ ಫೋನ್ ಮಾಡಿ, "ಕಾಕು, ನಿಮ್ಮ ಮಾಯಾಳು ಇದೆಯೇ?" ಎಂದೆ. "ಇದೆಯೇ ಅಂತ ಕೇಳ್ತೀಯಲ್ಲ, ಬಿಲ್ಡಿಂಗಿನ ಅರ್ಧ ಮನೆಗಳಲ್ಲಿ ಅದೇ ಇದೆ" ಎಂದರು. ಆ ಭಾನುವಾರ ಲೋಕಲ್ ರೈಲಿನಲ್ಲಿ ಅವರೇ ತಂದರು. ಒದ್ದೆ ಬಟ್ಟೆಯಲ್ಲಿ ಸುತ್ತಿದ ಆರು ದಂಟು, ಪೂರಾ ಹಸಿರು. ಅತ್ತೆ ಮೂಸಿ ನೋಡಿ ಮಡಿಲಲ್ಲಿಟ್ಟುಕೊಂಡರು. ಇಬ್ಬರು ಮುದುಕಿಯರು, ಒಬ್ಬರದು ತುಳು, ಇನ್ನೊಬ್ಬರದು ಮರಾಠಿ, ಮಧ್ಯಾಹ್ನವಿಡೀ ಮಾತಾಡಿದರು.

ಆಮೇಲೆ ಬಂದ ಬೇಸಿಗೆಗೆ ತೊಟ್ಟಿ ಬದಲಿಸುವುದನ್ನು ತಪ್ಪಿಸಲಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತರು. ನಾನು ಮಣ್ಣು ಬೋರಲು ಹಾಕಿ ಹೆಂಟೆಗಳನ್ನು ಮರದಲ್ಲಿಟ್ಟು ಅವರ ಮುಂದೆ ಕೊಟ್ಟೆ. ಅವರು ಒಂದೊಂದಾಗಿ ಪುಡಿ ಮಾಡಿದರು. ಈ ಸಲ ಪೂರ್ತಿ ಬಸಳೆಯೇ ಇರಲಿ ಎಂದರೆ ಒಪ್ಪಲಿಲ್ಲ. "ನಿನ್ನ ಪಾಲು ನಿನಗೆ" ಎಂದರು. ಬಲಗಡೆ ಟೇಬಲ್ ರೋಸ್ ಹಾಕಿದೆ.

ಎರಡು ದಂಟು ಉಳಿದವು. ಅವನ್ನು ಒದ್ದೆ ಗೋಣಿಯಲ್ಲಿ ಸುತ್ತಿ, ಊರಿಗೆ ಹೊರಟಿದ್ದ ನಮ್ಮ ನೆಂಟರ ಕೈಯಲ್ಲಿ ಮತ್ಸ್ಯಗಂಧಕ್ಕೆ ಹತ್ತಿಸಿದೆವು, ಸುರತ್ಕಲ್ಲಿನಲ್ಲಿರುವ ಮೈದುನನ ಮಗಳಿಗೆ. ತಲುಪಿದ ಸಂಜೆ ಅವಳ ಫೋನು: "ದೊಡ್ಡಮ್ಮ, ನಮ್ಮದೂ ನಾಲ್ಕನೇ ಮಾಳಿಗೆಯಲ್ವಾ, ಇದನ್ನು ಎಲ್ಲಿ ನೆಡುದು?"

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡರು. "ಗ್ರಿಲ್ ಉಂಟಲ್ಲ ಮಗಾ?" ಎಂದು ಶುರು ಮಾಡಿದರು.