ತೊಗರಿಯ ಬೇರಿನ ಗಂಟು

ಜತ್ತ ತಾಲೂಕಿನ ನಮ್ಮ ಕಡೆ ಶ್ರಾವಣವೆಂದರೆ ಮಳೆಯಲ್ಲಿ ತೋಯುವ ಕಾಲವಲ್ಲ, ಮುಗಿಲು ನೋಡುತ್ತ ಕೂಡುವ ಕಾಲ. ೧೯೯೪ರ ಅಂಥದೊಂದು ಶ್ರಾವಣದಲ್ಲಿ ನಾನು ಅಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಏಳನೆಯ ಇಯತ್ತೆಗೆ ವಿಜ್ಞಾನ ಕಲಿಸುತ್ತಿದ್ದೆನು. ಒಂದು ಮುಂಜಾನೆ ಒಬ್ಬ ಹುಡುಗನು ತೊಗರಿಯ ಗಿಡವೊಂದನ್ನು ಮಣ್ಣು ಸಹಿತ ತಂದು ಮೇಜಿನ ಮೇಲಿಟ್ಟು, "ಗುರುಗಳ, ಬೇರಿಗೆ ಏನೋ ಗಂಟು ಆಗ್ಯಾವ್ರಿ" ಎಂದನು. ಕೆಲವು ಸಾಸಿವೆಯಷ್ಟು, ಕೆಲವು ಜೋಳದ ಕಾಳಿನಷ್ಟು.

ಹಿಂದಿನ ಬೇಸಗೆಯಲ್ಲಿ ಬಾವಿಯ ಕೆಳಗಿನ ಬದನೆಯ ತೋಟವೊಂದು ಬೇರುಗಂಟಿನ ರೋಗದಿಂದ ಹಾಳಾದುದನ್ನು ನಾನು ಕಂಡಿದ್ದೆನು. ನನ್ನ ವಿದ್ಯೆಯೆಲ್ಲ ಆ ನೆನಪೇ. "ಇದು ರೋಗ. ಇಂಥ ಗಿಡ ಕಿತ್ತು ಹಾಕಲು ನಿಮ್ಮಪ್ಪನಿಗೆ ಹೇಳು" ಎಂದುಬಿಟ್ಟೆ. ಮೂರನೆಯ ದಿನ ಹುಡುಗನ ತಂದೆ ದಾರಿಯಲ್ಲಿ ಸಿಕ್ಕರು. "ಮಾಸ್ತರ, ನೀವು ಹೇಳಿದಂಗ ನಾಕು ಸಾಲು ಕಿತ್ತು ಬದುವಿಗೆ ಒಗದೀನ್ರಿ. ನೋಡಿದ್ರ ಎಲ್ಲಾ ಗಿಡಕ್ಕೂ ಗಂಟು ಅದಾವ. ಹೊಲಾನೇ ಕೀಳಬೇಕೇನ್ರಿ?" ನನಗೆ ಉತ್ತರ ಹೊಳೆಯಲಿಲ್ಲ. ತುಸು ತಡೆಯಿರೆಂದು ಹೇಳಿ ನುಣುಚಿಕೊಂಡೆನು. ಆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಮ್ಮ ಅಣ್ಣನ ಮಗ ಗಣೇಶ ಚೌತಿಗೆ ಬಂದಾಗ ಅವನನ್ನು ಅದೇ ಹೊಲಕ್ಕೆ ಕರೆದೊಯ್ದೆನು. ಅವನು ಗಂಟೊಂದನ್ನು ಉಗುರಿನಿಂದ ತಳ್ಳಿದನು. ಅದು ಕಳಚಿ ಅಂಗೈಗೆ ಬಿದ್ದಿತು. ಸೀಳಿದರೆ ಒಳಗೆಲ್ಲ ನಸುಗೆಂಪು. "ಕಾಕಾ, ಬದನಿ ಗಂಟು ಹಿಂಗ ಕಳಚೂದಿಲ್ರಿ. ಅಲ್ಲಿ ಹುಳ ಹೊಕ್ಕು ಬೇರೇ ಬಾತಿರತೈತಿ" ಎಂದನು. ನಾನು ಕಲಿಯಬೇಕಾಗಿದ್ದುದು ಇಷ್ಟೇ. ಉಗುರಿಗಿಂತ ದೊಡ್ಡ ಉಪಕರಣವೂ ಬೇಕಿರಲಿಲ್ಲ.

ಅವನಿಂದ ಕೇಳಿದುದನ್ನೂ ಮುಂದೆ ಓದಿದುದನ್ನೂ ಕೂಡಿಸಿ ಹೇಳುತ್ತೇನೆ. ಗಾಳಿಯ ನೂರು ಪಾಲಿನಲ್ಲಿ ೭೮ ಪಾಲು ಸಾರಜನಕ. ಆದರೆ ಅದರ ಪರಮಾಣುಗಳು ಎರಡೆರಡು ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಯಾವ ಗಿಡವೂ ಅದನ್ನು ನೇರವಾಗಿ ಉಣ್ಣಲಾರದು. ಆ ಬೆಸುಗೆಯನ್ನು ಬಿಡಿಸಬಲ್ಲ ರೈಜೋಬಿಯಂ ಎಂಬ ಗುಂಪಿನ ಬ್ಯಾಕ್ಟೀರಿಯಗಳು ಮಣ್ಣಿನಲ್ಲಿವೆ. ತೊಗರಿಯ ಬೇರು ಒಂದು ರಸವನ್ನು ಸೂಸಿ ಅವನ್ನು ಕರೆಯುತ್ತದೆ. ಅವೂ ಮರುರಸದಿಂದ ಓಗೊಡುತ್ತವೆ. ಆಗ ಬೇರಿನ ಕೂದಲೆಳೆ ಕೊಕ್ಕೆಯಂತೆ ಬಾಗಿ ಅವನ್ನು ಸುತ್ತಿಕೊಂಡು ಒಳಗೆ ಬಿಟ್ಟುಕೊಳ್ಳುತ್ತದೆ. ಬೇರಿನ ಕೋಶಗಳೇ ಬೆಳೆದು ಅವುಗಳಿಗೆ ಮನೆಯಾಗುತ್ತವೆ, ಅದೇ ಗಂಟು. ಎಲೆ ಮಾಡಿದ ಸಕ್ಕರೆ ಒಳಗೆ ಹೋಗುತ್ತದೆ, ಸಾರಜನಕದ ಗೊಬ್ಬರ ಹೊರಗೆ ಬರುತ್ತದೆ. ಇದರಲ್ಲೊಂದು ತೊಡಕು: ಈ ಕೆಲಸಕ್ಕೆ ಬೇಕಾದ ಕಿಣ್ವವು ಆಮ್ಲಜನಕ ತಗುಲಿದರೆ ಕೆಡುತ್ತದೆ, ಆದರೆ ಬ್ಯಾಕ್ಟೀರಿಯಗಳ ಉಸಿರಾಟಕ್ಕೆ ಆಮ್ಲಜನಕವೇ ಬೇಕು. ಆದುದರಿಂದ ಗಂಟಿನೊಳಗೆ ನಮ್ಮ ನೆತ್ತರಿನಲ್ಲಿರುವಂಥ, ಕಬ್ಬಿಣವುಳ್ಳ ಕೆಂಪು ದ್ರವ್ಯವೊಂದಿದ್ದು ಆಮ್ಲಜನಕವನ್ನು ಹಿಡಿತದಲ್ಲಿ ಹಂಚುತ್ತದೆ. ಒಳಗೆ ಕೆಂಪಿದ್ದರೆ ದುಡಿಮೆ ನಡೆದಿದೆಯೆಂದು ಅರ್ಥ. ಹಸಿರಾದರೆ ಗಂಟಿಗೆ ಮುಪ್ಪು.

ಗಂಟಿಗೂ ಸಾರಜನಕಕ್ಕೂ ಇರುವ ಈ ನಂಟನ್ನು ಹೆಲ್‌ರೀಗೆಲ್ ಎಂಬ ಜರ್ಮನ್ ವಿಜ್ಞಾನಿ ೧೮೮೬ರಲ್ಲಿ ಸಾರಿದನು. ೧೮೮೮ರಲ್ಲಿ ಹಾಲೆಂಡಿನ ಬೈಯೆರಿಂಕ್ ಆ ಬ್ಯಾಕ್ಟೀರಿಯವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದನು. ಇದನ್ನು ಸ್ನೇಹವೆಂದು ಪುಸ್ತಕಗಳು ಹೊಗಳುತ್ತವೆ. ನನಗೇನೋ ಇದು ಪಾಲಿಗೆ ಹೊಲ ಮಾಡಿದಂತೆ ಕಾಣುತ್ತದೆ. ೨೦೦೩ರಲ್ಲಿ ಪ್ರಕಟವಾದ ಸೋಯಾ ಗಿಡಗಳ ಪ್ರಯೋಗವೊಂದರಲ್ಲಿ, ದುಡಿಯದ ಗಂಟಿಗೆ ಗಿಡವೇ ಆಮ್ಲಜನಕವನ್ನು ಕಡಿತಗೊಳಿಸುವ ಲಕ್ಷಣ ಕಂಡುಬಂದಿತು. ಇನ್ನೊಂದು ಮಾತು: ಗಂಟು ತಂದ ಸಾರಜನಕವೆಲ್ಲ ಮುಂದಿನ ಜೋಳಕ್ಕೆ ಉಳಿಯುವುದಿಲ್ಲ. ಬಹುಪಾಲು ಕಾಳಿಗೆ ಸೇರಿ ನಮ್ಮ ಬೇಳೆಯಾಗುತ್ತದೆ. ಉದುರಿದ ಎಲೆ, ನೆಲದಲ್ಲುಳಿದ ಬೇರು, ಇವಷ್ಟೇ ಹೊಲದ ಪಾಲು.

ಹಬ್ಬ ಮುಗಿದ ಮೇಲೆ ಆ ಮನೆಗೆ ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡೆನು. ಕಟ್ಟೆಯ ಮೇಲಿದ್ದ ಹುಡುಗನ ಆಯಿ, "ತೊಗರಿ ಬೆಳದ ಹೊಲದಾಗ ಜ್ವಾಳ ಛಲೋ ಬರತೈತಿ ಅಂತ ನಮಗ ಮೊದಲಿಂದ ಗೊತ್ತೈತ್ರಿ. ಗಂಟಿನ ಸುದ್ದಿ ಗೊತ್ತಿರಲಿಲ್ಲ. ಮಾಸ್ತರ ಹೇಳ್ಯಾರಂತ ಸುಮ್ಮನಿದ್ದೆ" ಎಂದಳು. ತಂದೆ ಒಂದು ಮಾತೂ ಆಡಲಿಲ್ಲ. ಮರುದಿನ ವರ್ಗದಲ್ಲಿಯೂ ಹೇಳಿದೆನು. ಅದು ಮನೆಯಲ್ಲಿ ಹೇಳಿದುದಕ್ಕಿಂತ ಕಠಿಣವಾಯಿತು. ಹುಡುಗನು ತಲೆ ತಗ್ಗಿಸಿಕೊಂಡೇ ಇದ್ದನು. ಆಮೇಲೆ ಅವನು ನನ್ನ ಮೇಜಿಗೆ ಏನನ್ನೂ ತರಲಿಲ್ಲ.

ಖಾಲಿಯಾದ ನಾಲ್ಕು ಸಾಲಿಗೆ ಹಿಂಗಾರಿನಲ್ಲಿ ಕಡಲೆ ಬಿತ್ತುವುದೆಂದಾಯಿತು. ಕಡಲೆಗೆ ಬೇಕಾದ ಬ್ಯಾಕ್ಟೀರಿಯವೇ ಬೇರೆ. ಅದರ ಪುಡಿಯ ಪೊಟ್ಟಣವನ್ನು ನಾನೇ ತರಿಸಿದೆನು. ಮೇಲಿನ ಬರಹವೆಲ್ಲ ಮರಾಠಿಯಲ್ಲಿ. ಆ ತಂದೆಗೆ ಓದಲು ಬರುತ್ತಿದ್ದುದು ಕನ್ನಡವೊಂದೇ. ನಾನು ಓದಿ ಹೇಳಿದಂತೆ ಅವರು ಆರಿದ ಬೆಲ್ಲದ ನೀರಿನಲ್ಲಿ ಪುಡಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಒಣಗಿಸಿ ಅಂದೇ ಬಿತ್ತಿದರು.

ಡಿಸೆಂಬರಿನಲ್ಲಿ ಒಂದು ಮುಂಜಾನೆ ಹುಡುಗನು ಕಡಲೆಯ ಗಿಡವೊಂದನ್ನು ಹಿಡಿದುಕೊಂಡು ಬಂದನು. ಈ ಸಲ ನನ್ನನ್ನು ಏನೂ ಕೇಳಲಿಲ್ಲ. ಗಂಟೊಂದನ್ನು ತಾನೇ ಉಗುರಿನಿಂದ ಕಳಚಿ, ಸೀಳಿ, "ಕೆಂಪೈತ್ರಿ ಗುರುಗಳ" ಎಂದು ಅಂಗೈ ಚಾಚಿದನು.