ಗಣಕಯಂತ್ರದ ಜೀರ್ಣೋದ್ಧಾರ

ಹಳೆಯ ಮನೆಯ ತೊಲೆಯೊಂದಕ್ಕೆ ಗೆದ್ದಲು ಹಿಡಿದರೆ ವಿವೇಕಿಯಾದ ಗೃಹಸ್ಥನು ಆ ತೊಲೆಯನ್ನು ಬದಲಾಯಿಸುವನೇ ಹೊರತು ಮನೆಯನ್ನೇ ಕೆಡಹುವುದಿಲ್ಲ. ಈ ನ್ಯಾಯವು ಗಣಕಯಂತ್ರಕ್ಕೂ ಸಲ್ಲತಕ್ಕದ್ದೇ. ಆದರೆ ಗೆದ್ದಲು ಹಿಡಿದಿರುವ ತೊಲೆಯು ಯಾವುದೆಂದು ನಿಶ್ಚಯಿಸದೆ ಹಣವನ್ನು ವ್ಯಯಮಾಡುವವರೇ ಲೋಕದಲ್ಲಿ ಬಹುಮಂದಿ. ಮೂವತ್ತೈದು ವರ್ಷಕಾಲ ಹುಡುಗರಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ನಮಗೆ ಈ ವಿಷಯದಲ್ಲಿ ಅಧಿಕಾರವೇನೆಂದು ವಾಚಕರು ಕೇಳಬಹುದು. ಮನೆಯ ಹಣದ ಚೀಲವು ನಮ್ಮ ಕೈಯಲ್ಲಿರುವುದೇ ನಮಗಿರುವ ಅಧಿಕಾರವು.

2018ರ ಕೊನೆಯಲ್ಲಿ ಕೊಂಡ ಮೇಜಿನ ಗಣಕಯಂತ್ರವೊಂದು ನಮ್ಮ ಮನೆಯಲ್ಲಿದೆ. ಅದಕ್ಕೆ ಒಡೆಯರು ಇಬ್ಬರು. ಹಗಲೆಲ್ಲಾ ನಮ್ಮ ಮಗಳು ಅದರ ಮುಂದೆ ಕುಳಿತು, ಮದುವೆ ಮುಂಜಿಗಳಲ್ಲಿ ತೆಗೆದ ವಿಡಿಯೋಗಳನ್ನು ಸಂಕಲಿಸಿ ನಾಲ್ಕು ಕಾಸು ಸಂಪಾದಿಸುತ್ತಾಳೆ. ರಾತ್ರಿ ಕಾಲೇಜಿನಲ್ಲಿ ಓದುವ ಮಗನು ಅದರಲ್ಲಿಯೇ ಆಟವಾಡುತ್ತಾನೆ. 2025ರ ಆರಂಭಕ್ಕೆ ಯಂತ್ರವು ಇಬ್ಬರ ವಿಷಯದಲ್ಲಿಯೂ ಮೊಂಡು ಹಿಡಿಯಿತು. ಚಿತ್ರವನ್ನು ಸಿದ್ಧಗೊಳಿಸಲು ಇಡೀ ರಾತ್ರಿ ಬೇಕಾದುದರಿಂದ ತಮ್ಮನಿಗೆ ಆಟವಿಲ್ಲ. ಹೇಳಿದ ದಿನಕ್ಕೆ ಕೆಲಸವನ್ನು ಒಪ್ಪಿಸಲಾರದೆ ಅಕ್ಕನು ಒಬ್ಬ ಗಿರಾಕಿಯನ್ನು ಕಳೆದುಕೊಂಡಳು. ಊಟದ ಎಲೆಯ ಮುಂದೆಯೂ ಇವರಿಬ್ಬರಿಗೆ ಮಾತು ನಿಂತಿತು. ನಿವೃತ್ತಿವೇತನದಲ್ಲಿ ನಾವು ಉಳಿಸಿದ್ದುದು 40,000 ರೂಪಾಯಿಗಳು ಮಾತ್ರ.

ಯಂತ್ರವನ್ನು ನೋಡಿದ ವ್ಯಾಪಾರಿಯೊಬ್ಬನು, ಇದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರೆಂದು ಉಪದೇಶಿಸಿದನು. ನೆಗಡಿ ಬಂದಿತೆಂದು ಮೂಗನ್ನು ಕೊಯ್ದುಕೊಳ್ಳುವ ಚಿಕಿತ್ಸೆಯಿದು. ಮಗನು ಗ್ರಾಫಿಕ್ಸ್ ಕಾರ್ಡೇ ದೋಷಿಯೆಂದನು. ಮಗಳು ರ್ಯಾಮ್ ಎಂದಳು. ನಮ್ಮ ನೈಯಾಯಿಕರು ಕಾರಣವನ್ನು ನಿಶ್ಚಯಿಸಲು ಅನ್ವಯ ವ್ಯತಿರೇಕಗಳೆಂಬ ಕ್ರಮವನ್ನು ಹೇಳಿರುವರಷ್ಟೆ: ಯಾವುದಿದ್ದರೆ ಕಾರ್ಯವುಂಟೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ, ಅದೇ ಕಾರಣವು. ವಾದವನ್ನು ಬಿಟ್ಟು ಪರೀಕ್ಷೆ ಮಾಡಿರೆಂದು ನಾವು ಇಬ್ಬರಿಗೂ ಹೇಳಿದೆವು.

ಮಗನು ಆಟದ ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿದನು. ಸೆಕೆಂಡಿಗೆ 34ರಷ್ಟು ಮೂಡುತ್ತಿದ್ದ ಚಿತ್ರಗಳು 57ಕ್ಕೆ ಏರಿದವು. ಚುಕ್ಕೆಗಳ ಭಾರವು ಇಳಿದೊಡನೆ ವೇಗವು ಹೆಚ್ಚಿದುದರಿಂದ, ಆಟವನ್ನು ತಡೆಯುತ್ತಿದ್ದುದು 4 ಜಿಬಿಯ ಹಳೆಯ ಜಿಟಿಎಕ್ಸ್ 1050 ಟಿಐ ಕಾರ್ಡೆಂದು ಸಿದ್ಧವಾಯಿತು. ವೇಗವು ಇದ್ದಂತೆಯೇ ಇದ್ದಿದ್ದರೆ ದೋಷವನ್ನು ಪ್ರೊಸೆಸರಿನಲ್ಲಿ ಹುಡುಕಬೇಕಾಗಿದ್ದಿತು. ಅನಂತರ ಮಗಳು ಟಾಸ್ಕ್ ಮ್ಯಾನೇಜರನ್ನು ತೆರೆದಿಟ್ಟು ತನ್ನ ಕೆಲಸವನ್ನು ಮಾಡಿದಳು. 8 ಜಿಬಿ ರ್ಯಾಮು ಕ್ಷಣದಲ್ಲಿ ತುಂಬಿತು. ಹಿಡಿಸದ ಸರಕು ಹಾರ್ಡ್ ಡಿಸ್ಕಿಗೆ ಹರಿಯಿತು. ನಿಮಿಷಕ್ಕೆ 7,200 ಸಾರಿ ತಿರುಗುವ ಆ ತಟ್ಟೆಯು ಸರಕನ್ನು ಹುಡುಕಿ ತರುವಷ್ಟರಲ್ಲಿ ಯಂತ್ರವೆಲ್ಲವೂ ಸ್ತಬ್ಧವಾಗುತ್ತಿದ್ದಿತು. ಚಿತ್ರವನ್ನು ಹೊರತೆಗೆಯುವಾಗಲಾದರೋ ಪ್ರೊಸೆಸರು ನೂರಕ್ಕೆ ನೂರು ದುಡಿಯುತ್ತಿದ್ದಿತು. ಹೀಗೆ ಇಬ್ಬರ ಮಾತೂ ನಿಜವೇ ಆಯಿತು. ಉಳಿದುದು ಮೊದಲು ಯಾವುದೆಂಬ ಪ್ರಶ್ನೆಯೊಂದೇ.

ಅದನ್ನು ನಾವು ತೀರ್ಮಾನಿಸಬೇಕಾಗಲಿಲ್ಲ. ಅಕ್ಕನ ಯಂತ್ರವು ಏದುಸಿರು ಬಿಡುವುದನ್ನು ಪಕ್ಕದಲ್ಲಿ ಕುಳಿತು ನೋಡಿದ ಮಗನು, "ಮೊದಲು ಅಕ್ಕನ ಕೆಲಸದ್ದಾಗಲಿ ಅಪ್ಪಾ, ಆಟ ಕಾದೀತು" ಎಂದನು.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮುನ್ನ ನಾವು ಪಟ್ಟಿಯೊಂದನ್ನು ಬರೆದುಕೊಂಡೆವು. ಒಂದು ಅಂಗವು ಮತ್ತೊಂದರೊಡನೆ ಹೊಂದದಿದ್ದರೆ ಎಷ್ಟು ಬೆಲೆಯದಾದರೂ ಅದು ವ್ಯರ್ಥವು. ನಮ್ಮ ಬಿ450 ಮದರ್‌ಬೋರ್ಡಿನದು ಎಎಂ4 ಎಂಬ ಸಾಕೆಟ್ಟು. 2017ರ ರೈಜನ್ 5 1600 ಪ್ರೊಸೆಸರು ಕುಳಿತ ಪೀಠದಲ್ಲಿಯೇ 2022ರ ರೈಜನ್ 5 5600 ಕೂಡ ಕುಳಿತುಕೊಳ್ಳುವುದು. ಮದರ್‌ಬೋರ್ಡನ್ನು ಬದಲಾಯಿಸುವ ಖರ್ಚು ಉಳಿಯುವುದು. ಆದರೆ ಹಳೆಯ ಪ್ರೊಸೆಸರು ಇದ್ದಾಗಲೇ ಬಯಾಸನ್ನು ಪರಿಷ್ಕರಿಸಿಕೊಳ್ಳತಕ್ಕದ್ದು, ಆ ಸಮಯದಲ್ಲಿ ವಿದ್ಯುತ್ತು ಹೋಗಕೂಡದು. ನಾವು ಯುಪಿಎಸ್ಸಿನ ಆಸರೆಯಲ್ಲಿ ಆ ಕಾರ್ಯವನ್ನು ನೆರವೇರಿಸಿದೆವು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯತಕ್ಕದ್ದಾಗಿದ್ದು, ವಿಂಡೋಸ್ 11 ಹಳೆಯ ಪ್ರೊಸೆಸರನ್ನು ಅಂಗೀಕರಿಸದೆ ಹೊಸದನ್ನು ಅಂಗೀಕರಿಸುತ್ತಿದ್ದುದು ಈ ಆಯ್ಕೆಗೆ ಮತ್ತೊಂದು ಕಾರಣವು.

ರ್ಯಾಮಿನಲ್ಲಿ 16 ಜಿಬಿಯ ಎರಡು ಪಟ್ಟಿಗಳನ್ನು ಕೊಂಡೆವು. ಒಂಟಿ ಎತ್ತಿಗಿಂತ ಜೋಡಿ ಎತ್ತುಗಳು ಗಾಡಿಯನ್ನು ಚೆನ್ನಾಗಿ ಎಳೆಯುವಂತೆ, ಜೋಡಿ ಪಟ್ಟಿಗಳು ಎರಡು ದಾರಿಗಳಲ್ಲಿ ಸರಕನ್ನು ಸಾಗಿಸುವವು. ಡಿಡಿಆರ್5 ಹೊಸದೆಂದು ಅಂಗಡಿಯವನು ಹೊಗಳಿದರೂ ಅದು ನಮ್ಮ ಬೋರ್ಡಿನಲ್ಲಿ ಕೂರದು. ಡಿಡಿಆರ್4 ಅನ್ನೇ ಕೇಳಿ ಪಡೆದೆವು. ಹಾರ್ಡ್ ಡಿಸ್ಕನ್ನು ಹಳೆಯ ಚಿತ್ರಗಳ ಉಗ್ರಾಣವಾಗಿ ಉಳಿಸಿ, ನಿತ್ಯದ ಕೆಲಸಕ್ಕೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿಯನ್ನು ಸೇರಿಸಿದೆವು. ಇವೆಲ್ಲಕ್ಕೂ 24,000 ರೂಪಾಯಿಗಳೊಳಗೆ ಮುಗಿಯಿತು.

ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಕನು ಎರಡರಷ್ಟು ಕೆಲಸವನ್ನು ಒಪ್ಪಿಕೊಂಡಿದ್ದಳು. ದಸರೆಯ ವೇಳೆಗೆ ಉಳಿದ 16,000ಕ್ಕೆ ಕಡಮೆಯಾದುದನ್ನು ತಾನೇ ಸೇರಿಸಿ ತಮ್ಮನಿಗೆ 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡನ್ನು ಕೊಡಿಸಿದಳು. ಆ ಕಾರ್ಡು 170 ವ್ಯಾಟ್ ವಿದ್ಯುತ್ತನ್ನು ಸೆಳೆಯುವುದಾದ್ದರಿಂದ, ತಯಾರಕರು ಹೇಳಿದಂತೆ 550 ವ್ಯಾಟಿನ ಪವರ್ ಸಪ್ಲೈಯನ್ನೂ ತಂದೆವು. ಇದಕ್ಕಿಂತ ದೊಡ್ಡ ಕಾರ್ಡು ನಮಗೆ ನಿಷ್ಪ್ರಯೋಜಕವು. ಏಕೆಂದರೆ ನಮ್ಮ ಮಾನಿಟರು ಸೆಕೆಂಡಿಗೆ 60 ಚಿತ್ರಗಳಿಗಿಂತ ಹೆಚ್ಚಾಗಿ ತೋರಿಸಲಾರದು. ಅದೇ ಕಾರ್ಡು ಹಗಲಿನಲ್ಲಿ ಅಕ್ಕನ ಸಂಕಲನಕ್ಕೂ ನೆರವಾಗುತ್ತಿದೆ.

2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯ ನಿಮಿತ್ತ, ರ್ಯಾಮಿನ ಬೆಲೆಯು ಬಹುವಾಗಿ ಏರಿತು. ಅಗತ್ಯವಾದುದನ್ನು ಮೊದಲು ಕೊಳ್ಳುವ ಕ್ರಮದ ಫಲವನ್ನು ಆಗ ಮಕ್ಕಳೂ ಮನಗಂಡರು.

ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿಯೇ ಪರೀಕ್ಷೆ ಮಾಡಿರಿ. ಅನ್ನವನ್ನು ಕೊಡುವ ಕೆಲಸಕ್ಕೆ ಮೊದಲ ಪಂಕ್ತಿಯನ್ನೂ, ಆಟಕ್ಕೆ ಎರಡನೆಯದನ್ನೂ ಹಾಕಿರಿ. ಆದರೆ ಎರಡನೆಯ ಪಂಕ್ತಿಯವರಿಗೂ ಬಡಿಸುವುದನ್ನು ಮರೆಯಬೇಡಿರಿ.